ಮನೆಯಲ್ಲೇ ಕಡೆದು ಮಾಡಬಹುದಾದ ಮೂರು ಕಾಲಿನ ಸ್ಟೂಲು

ಹಿತ್ತಿಲ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲೋ ಮರವನ್ನು ತಿರುಗಿಸಿ ಕಡೆಯುವ ಯಂತ್ರವಾದ ಪುಟ್ಟ ಲೇತ್ ಇಟ್ಟುಕೊಂಡವರು ಸಾಮಾನ್ಯವಾಗಿ ಲಟ್ಟಣಿಗೆ, ಬುಗುರಿಗಳಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ. ಅಲ್ಲಿಂದ ಪೀಠೋಪಕರಣದ ಕಡೆಗೆ ಹೊರಳುವುದಾದರೆ ಮೂರು ಕಾಲಿನ ಸ್ಟೂಲಿನಿಂದ ಆರಂಭಿಸುವುದು ಒಳ್ಳೆಯದು. ಒಂದು ದುಂಡು ಹಲಗೆ, ಕಡೆದ ಮೂರು ಕಾಲು, ಮೂರು ಬೆಣೆ, ಸ್ವಲ್ಪ ಮರದ ಅಂಟು ಇದ್ದರೆ ಸಾಕು. ಮೊಳೆ, ಸ್ಕ್ರೂಗಳ ಅಗತ್ಯವಿಲ್ಲ. ಕಾಲಿನ ಮೇಲೆ ಕಡೆಯುವ ಬಳೆ, ಗುಂಡುಗಳು ಕಣ್ಣಿಗೆ ಅಂದ ಕೊಡುತ್ತವೆ ನಿಜ. ಆದರೆ ಸ್ಟೂಲು ವರ್ಷಗಟ್ಟಲೆ ಅಲುಗಾಡದೆ ನಿಲ್ಲುವುದು ಕಾಲಿನ ಮೇಲ್ತುದಿಯಲ್ಲಿ ಹಲಗೆಯೊಳಗೆ ಅಡಗಿ ಕೂರುವ ಒಂದೂವರೆ ಇಂಚಿನ ಗೂಟದ ಬಲದಿಂದ. ಆದ್ದರಿಂದ ಇಲ್ಲಿ ಹೆಚ್ಚಿನ ಮಾತು ಆ ಗೂಟದ ಬಗ್ಗೆಯೇ ಇದೆ.

ನೆಲ ಎಷ್ಟೇ ಏರುತಗ್ಗಾಗಿದ್ದರೂ ಮೂರು ಕಾಲಿನ ಪೀಠ ಕುಂಟುವುದಿಲ್ಲ. ಅದಕ್ಕೆ ಇನ್ನೊಂದು ಅಪಾಯವಿದೆ: ಕೂತವರ ಭಾರ ಕಾಲುಗಳ ನಡುವಿನ ತ್ರಿಕೋನದಿಂದ ಹೊರಗೆ ಸರಿದರೆ ಅದು ಮಗುಚಿಕೊಳ್ಳುತ್ತದೆ. ಹಲಗೆಯ ನಡುವಿನಿಂದ 4 ಇಂಚು ದೂರದಲ್ಲಿ ಕಾಲುಗಳನ್ನು ನೆಟ್ಟಗೆ ನಿಲ್ಲಿಸಿದರೆ, ಎರಡು ಕಾಲುಗಳ ನಡುವಿನ ಗೆರೆ ಹಲಗೆಯ ಮಧ್ಯಬಿಂದುವಿನಿಂದ ಕೇವಲ 2 ಇಂಚು ದೂರದಲ್ಲಿರುತ್ತದೆ. ಅದೇ ಕಾಲುಗಳನ್ನು 15 ಡಿಗ್ರಿ ಹೊರಕ್ಕೆ ವಾಲಿಸಿದರೆ ನೆಲದ ಮಟ್ಟದಲ್ಲಿ ಆ ದೂರ ಸುಮಾರು 3.75 ಇಂಚಿಗೆ ಏರುತ್ತದೆ. ಕಾಲುಗಳ ವಾಲು ಕೇವಲ ಚೆಲುವಿಗಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಇಷ್ಟಾದರೂ ಹಲಗೆಯ ಅಂಚಿನ ಮೇಲೆ ಹತ್ತಿ ನಿಲ್ಲುವ ಚಿಕ್ಕ ಮಕ್ಕಳಿರುವ ಮನೆಗೆ ನಾಲ್ಕು ಕಾಲಿನ ಸ್ಟೂಲೇ ಸರಿ ಎಂಬುದು ನನ್ನ ಅಭಿಪ್ರಾಯ.

ಮರದ ಆಯ್ಕೆ

ಕಡೆಯುವ ಕೆಲಸವೆಂದರೆ ನಮಗೆ ಮೊದಲು ನೆನಪಾಗುವುದು ಚನ್ನಪಟ್ಟಣ. ಅಲ್ಲಿನ ಗೊಂಬೆಗಳಿಗೆ ಬಳಸುವ ಆಲೆ ಮರ ಬಿಳಿಚು ಬಣ್ಣದ, ಎಳೆಗಳು ನಯವಾಗಿರುವ ಮರ. ಆಟಿಕೆಗೆ ಅದನ್ನು ಮೀರಿಸುವುದು ಕಷ್ಟ. ಆದರೆ ಮನುಷ್ಯರ ಭಾರ ಹೊರುವ ಕಾಲಿಗೆ ತೇಗ, ಹಲಸು ಅಥವಾ ಹೊನ್ನೆ ಮೇಲು. ತೇಗದಲ್ಲಿ ಸಿಲಿಕಾ ಅಂಶ ಇರುವುದರಿಂದ ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಹಲಸು ಚೆನ್ನಾಗಿ ಕಡೆಸಿಕೊಳ್ಳುತ್ತದೆ, ಹೊಸದರಲ್ಲಿ ಹಳದಿಯಾಗಿದ್ದು ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಳೆಯ ಬಾಗಿಲು, ಮಂಚಗಳ ಮರ ಸಿಕ್ಕರೆ ಅದು ಒಣಗಿ ಹದವಾಗಿರುತ್ತದೆ, ಆದರೆ ಲೇತಿಗೆ ಏರಿಸುವ ಮುನ್ನ ಒಳಗೆ ಮುರಿದ ಮೊಳೆಗಳು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕಾಲಿನ ತುಂಡುಗಳಲ್ಲಿ ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಹರಿದಿರಬೇಕು. ಎಳೆ ಅರ್ಧದಲ್ಲೇ ಪಕ್ಕಕ್ಕೆ ಹೊರಟುಹೋಗಿರುವ ತುಂಡು ಎಷ್ಟು ದಪ್ಪವಿದ್ದರೂ ಒಂದು ದಿನ ಅದೇ ಗೆರೆಯಲ್ಲಿ ಸೀಳುತ್ತದೆ. 2 ಇಂಚು ಚೌಕದ, ಹದಿನೈದೂವರೆ ಇಂಚು ಉದ್ದದ ಮೂರು ತುಂಡುಗಳು ಸಾಕು. ಪುಟ್ಟ ಲೇತುಗಳಲ್ಲಿ ಬಹುಪಾಲಿನವು ಈ ಉದ್ದವನ್ನು ಹಿಡಿಯಬಲ್ಲವಾದರೂ ನಿಮ್ಮ ಲೇತಿನ ಎರಡು ಮೊನೆಗಳ ನಡುವಿನ ಅಂತರವನ್ನು ಮೊದಲೇ ಅಳೆದುಕೊಳ್ಳಿ. ಹಲಗೆ 12 ಇಂಚು ಅಗಲ, ಒಂದೂವರೆ ಇಂಚು ದಪ್ಪವಿರಲಿ.

ಹಸಿ ಮರ ಒಣಗುವಾಗ ಎಲ್ಲ ದಿಕ್ಕಿನಲ್ಲೂ ಸಮನಾಗಿ ಕುಗ್ಗುವುದಿಲ್ಲ. ವಾರ್ಷಿಕ ಉಂಗುರದ ಗೆರೆಯ ಉದ್ದಕ್ಕೂ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ. ಹಾಗಾಗಿ ಹಸಿಯಾಗಿದ್ದಾಗ ದುಂಡಗೆ ಕಡೆದ ಗೂಟ ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ಬಂದು ತೂತಿನಲ್ಲಿ ಸಡಿಲಾಗುತ್ತದೆ. ಕಾಲಿನ ಮರ ಹಲಗೆಗಿಂತ ಒಂದಿಷ್ಟು ಹೆಚ್ಚೇ ಒಣಗಿರಲಿ. ಆಗ ಅದು ಮಳೆಗಾಲದ ತೇವವನ್ನು ಹೀರಿ ಉಬ್ಬಿ, ತೂತಿನಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ತುಂಡುಗಳನ್ನು ಕೆಲವು ವಾರ ಅಡುಗೆಮನೆಯ ಅಟ್ಟದಂಥ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಈ ಹದ ಬರುತ್ತದೆ.

ಕಾಲು ಕಡೆಯುವುದು

ಲೇತ್ ಚಾಲೂ ಮಾಡುವ ಮುನ್ನ ಉಡುಪಿನ ಕಡೆ ಗಮನವಿರಲಿ. ಸೆರಗು, ಪಂಚೆಯ ಅಂಚು, ಇಳಿಬಿದ್ದ ತೋಳು, ಕೊರಳ ಸರ, ಕೈದಾರ, ಬಿಚ್ಚಿದ ಕೂದಲು ಯಾವುದೂ ತಿರುಗುವ ಮರದ ಹತ್ತಿರ ಸುಳಿಯಬಾರದು. ಕೈಗವಸು ಕೂಡ ಬೇಡ, ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಇಡೀ ಮುಖ ಮುಚ್ಚುವ ಪಾರದರ್ಶಕ ಕವಚ ಮತ್ತು ದೂಳಿಗೆ ಮಾಸ್ಕ್ ಬೇಕೇ ಬೇಕು.

ತುಂಡಿನ ಎರಡೂ ತುದಿಗಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಮಧ್ಯಬಿಂದು ಸಿಗುತ್ತದೆ. ಅಲ್ಲಿ ಲೇತಿನ ಮೊನೆಗಳನ್ನು ಕೂರಿಸಿ ಬಿಗಿ ಮಾಡಿ. ಉಳಿಗೆ ಆಸರೆಯಾಗುವ ಟೂಲ್ ರೆಸ್ಟ್ ಮರದ ಮೂಲೆಯಿಂದ ಕಾಲು ಇಂಚಿನಷ್ಟು ದೂರದಲ್ಲಿ, ಹೆಚ್ಚುಕಡಿಮೆ ಮಧ್ಯಬಿಂದುವಿನ ಎತ್ತರದಲ್ಲಿರಲಿ. ವಿದ್ಯುತ್ ಕೊಡುವ ಮೊದಲು ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಗುಲುತ್ತಿಲ್ಲವೆಂದು ನೋಡಿಕೊಳ್ಳಿ. ಚೌಕ ತುಂಡು ದುಂಡಾಗುವವರೆಗೆ ನಿಮಿಷಕ್ಕೆ 800ರಿಂದ 1,000 ಸುತ್ತು ಸಾಕು. ಆಮೇಲೆ 1,500ರಿಂದ 2,000ದವರೆಗೆ ಏರಿಸಬಹುದು.

ದುಂಡು ಮಾಡಲು ರಫಿಂಗ್ ಗೌಜ್ ಎಂಬ ಅಗಲವಾದ ಉಳಿ ಬಳಸಬೇಕು. ಉಳಿಯ ಮೊನೆಯನ್ನು ನೇರವಾಗಿ ಮರಕ್ಕೆ ಚುಚ್ಚಬಾರದು. ಸಾಣೆ ಹಿಡಿದ ಇಳಿಜಾರಿನ ಬೆನ್ನನ್ನು ಮೊದಲು ತಿರುಗುವ ಮರಕ್ಕೆ ತಾಗಿಸಿ, ಬಳಿಕ ಹಿಡಿಯನ್ನು ನಿಧಾನವಾಗಿ ಎತ್ತುತ್ತ ಹೋದರೆ ಮೊನೆ ತಾನಾಗಿ ಕತ್ತರಿಸಲು ತೊಡಗುತ್ತದೆ. ಚೌಕದ ಮೂಲೆಗಳು ಉಳಿಗೆ ಬಡಿಯುವಾಗ ಟಕಟಕ ಸದ್ದು ಬರುತ್ತದೆ. ಮರ ದುಂಡಾದಂತೆ ಆ ಸದ್ದು ಇಳಿದು, ಕೊನೆಗೆ ಒಂದೇ ಸಮನಾದ ಸರ್ರೆನ್ನುವ ದನಿಯಾಗುತ್ತದೆ. ಉಳಿ ಹರಿತವಾಗಿದ್ದರೆ ಮರದ ಸಿಪ್ಪೆ ಸುರುಳಿಸುರುಳಿಯಾಗಿ ಹಾರುತ್ತದೆ. ಸುರುಳಿಯ ಬದಲು ಪುಡಿ ಉದುರತೊಡಗಿದರೆ ಬಲ ಹಾಕಬೇಡಿ, ಲೇತ್ ನಿಲ್ಲಿಸಿ ಸಾಣೆ ಹಿಡಿಯಿರಿ.

ಮೂರೂ ಕಾಲು ಒಂದೇ ಬಗೆಯಾಗಲು ತೆಳುವಾದ ಮರದ ಪಟ್ಟಿಯೊಂದರ ಮೇಲೆ ಗೂಟ ಎಲ್ಲಿ ಮುಗಿಯಬೇಕು, ಹೊಟ್ಟೆ ಎಲ್ಲಿ ಉಬ್ಬಬೇಕು, ಬಳೆ ಎಲ್ಲಿ ಬರಬೇಕು ಎಂಬುದನ್ನೆಲ್ಲ ಗುರುತು ಹಾಕಿಟ್ಟುಕೊಂಡು, ಪ್ರತಿ ಕಾಲಿಗೂ ಅದೇ ಪಟ್ಟಿ ಹಿಡಿದು ಪೆನ್ಸಿಲ್ ತಾಗಿಸಬೇಕು. ದಪ್ಪನೆಯ ಜಾಗದಿಂದ ಸಣ್ಣ ಜಾಗದ ಕಡೆಗೇ ಉಳಿ ಇಳಿಯಲಿ. ತಿರುಗುಮುರುಗಾಗಿ ಹೋದರೆ ಎಳೆ ಕಿತ್ತು ಬರುತ್ತದೆ. ಹೊಟ್ಟೆಯ ಉಬ್ಬಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಯಾರ ಕಣ್ಣಿಗೂ ಬೀಳದು, ಏಕೆಂದರೆ ಕಾಲುಗಳು ಒಂದಕ್ಕೊಂದು ದೂರದಲ್ಲಿ ನಿಲ್ಲುತ್ತವೆ.

ಗೂಟದ ವಿಷಯದಲ್ಲಿ ಮಾತ್ರ ಈ ರಿಯಾಯಿತಿ ಇಲ್ಲ. ಅದರ ಅಡ್ಡಳತೆ 1 ಇಂಚು, ಉದ್ದ ಒಂದೂ ಮುಕ್ಕಾಲು ಇಂಚು ಇರಲಿ. ಹಲಗೆಯಿಂದ ಮೇಲೆ ಚಾಚುವ ತುದಿಯನ್ನು ಕೊನೆಗೆ ಕತ್ತರಿಸಿ ಹಾಕಬಹುದು. ಹಲಗೆಗೆ ಬಳಸುವ ಅದೇ ಡ್ರಿಲ್ ಬಿಟ್‌ನಿಂದ, ಅದೇ ಜಾತಿಯ ಚೂರು ಮರದಲ್ಲಿ ಒಂದು ತೂತು ಕೊರೆದು ಅಳತೆಗೆ ಇಟ್ಟುಕೊಳ್ಳಿ. ಲೇತ್ ನಿಲ್ಲಿಸಿ, ಗೂಟವನ್ನು ಅದರಲ್ಲಿ ಹಾಕಿ ನೋಡುತ್ತ ಸ್ವಲ್ಪಸ್ವಲ್ಪವೇ ಕಡೆಯಿರಿ. ಕೈಯಿಂದ ತಿರುಚಿ ಒತ್ತಿದರೆ ಕಿರುಗುಟ್ಟುತ್ತ ಒಳಗೆ ಇಳಿಯಬೇಕು. ಸಲೀಸಾಗಿ ಜಾರಿಬಿಟ್ಟರೆ ಅಂಟು ಅದನ್ನು ಬಹುಕಾಲ ಹಿಡಿದಿಡಲಾರದು. ಕೊಡತಿಯಿಂದ ಬಡಿದೇ ಕೂರಿಸಬೇಕಾದಷ್ಟು ಬಿಗಿಯಿದ್ದರೆ ಹಲಗೆ ಸೀಳೀತು.

ಉಪ್ಪುಕಾಗದ ಹಿಡಿಯುವಾಗ ಟೂಲ್ ರೆಸ್ಟನ್ನು ತೆಗೆದಿಡಿ, ಗೂಟಕ್ಕೆ ಕಾಗದ ತಾಗಿಸಬೇಡಿ. ಬಣ್ಣ ಬೇಕಿದ್ದರೆ ಚನ್ನಪಟ್ಟಣದ ಕ್ರಮವನ್ನೇ ಅನುಸರಿಸಬಹುದು: ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ, ಬಳಿಕ ಒಣ ಕೇದಗೆ ಗರಿಯನ್ನು ಒತ್ತಿದಾಗ ಅದು ಸಮನಾಗಿ ಹರಡಿ ಹೊಳಪು ಬರುತ್ತದೆ. ಇದಕ್ಕಿಂತ ಸುಂದರವಾದ ಮೇಲ್ಮೈಯನ್ನು ಡಬ್ಬಿಯ ಬಣ್ಣದಿಂದ ಪಡೆಯಲಾಗದು ಎಂದು ನಾನು ನಂಬಿದ್ದೇನೆ.

ಹಲಗೆ ಮತ್ತು ಜೋಡಣೆ

ಕೈವಾರದಿಂದ ಹಲಗೆಯ ಅಡಿಭಾಗದಲ್ಲಿ 6 ಇಂಚು ತ್ರಿಜ್ಯದ ವೃತ್ತ ಬರೆದು ಗರಗಸದಿಂದ ದುಂಡಗೆ ಕತ್ತರಿಸಿ, ಅಂಚನ್ನು ಅರದಿಂದ ನಯ ಮಾಡಿ. ಅದೇ ಮಧ್ಯಬಿಂದುವಿನಿಂದ 4 ಇಂಚು ತ್ರಿಜ್ಯದ ಒಳವೃತ್ತ ಬರೆಯಿರಿ. ಕೈವಾರವನ್ನು ಬದಲಿಸದೆ ಆ ವೃತ್ತದ ಮೇಲೆ ಹೆಜ್ಜೆ ಹಾಕಿಸಿದರೆ ಸರಿಯಾಗಿ ಆರು ಬಿಂದುಗಳಾಗುತ್ತವೆ. ಒಂದು ಬಿಟ್ಟು ಒಂದನ್ನು ಆರಿಸಿದರೆ ಮೂರು ಕಾಲುಗಳ ಸ್ಥಾನ ಸಿಕ್ಕಿತು. ಮಧ್ಯಬಿಂದುವಿನಿಂದ ಪ್ರತಿ ಗುರುತಿನ ಮೂಲಕ ಅಂಚಿನವರೆಗೆ ಗೆರೆ ಎಳೆಯಿರಿ. 15 ಡಿಗ್ರಿಗೆ ಹೊಂದಿಸಿದ ಓರೆಮಟ್ಟವನ್ನು (ಬೇಕಾದ ಕೋನಕ್ಕೆ ಹೊಂದಿಸಬಹುದಾದ ಮಟ್ಟಗೋಲು) ಆ ಗೆರೆಯ ಮೇಲೆ ನಿಲ್ಲಿಸಿ, ಡ್ರಿಲ್ಲನ್ನು ಅದಕ್ಕೆ ಸಮಾಂತರವಾಗಿ ಅಂಚಿನ ಕಡೆಗೆ ವಾಲಿಸಿ ತೂತು ಕೊರೆಯಬೇಕು. ಬಿಟ್ ಹೊರಬರುವ ಕಡೆ ಬೇರೊಂದು ಹಲಗೆಯನ್ನು ಬಿಗಿಯಾಗಿ ಒತ್ತಿಟ್ಟರೆ ಕೂರುವ ಮೇಲ್ಮೈ ಸಿಬಿರೇಳುವುದಿಲ್ಲ.

ಗೂಟದ ತುದಿಯಲ್ಲಿ ಮೂರರಲ್ಲಿ ಎರಡು ಪಾಲು ಆಳದವರೆಗೆ ಗರಗಸದಿಂದ ಸೀಳು ಹಾಕಿ. ಕಾಲನ್ನು ಕೂರಿಸುವಾಗ ಆ ಸೀಳು ಹಲಗೆಯ ಎಳೆಗೆ ಅಡ್ಡವಾಗಿರಬೇಕು. ಆಗ ಬೆಣೆಯ ಒತ್ತಡ ಎಳೆಯ ಉದ್ದಕ್ಕೆ ಬಿದ್ದು ಹಲಗೆ ತಡೆದುಕೊಳ್ಳುತ್ತದೆ. ಸೀಳು ಎಳೆಯ ಉದ್ದಕ್ಕಿದ್ದರೆ ಬೆಣೆ ಹೊಡೆದ ಏಟಿಗೆ ಹಲಗೆ ಎರಡಾಗಬಹುದು. ತೂತಿಗೂ ಗೂಟಕ್ಕೂ ಅಂಟು ಸವರಿ, ಕಾಲು ಒತ್ತಿ, ಗಟ್ಟಿ ಮರದ ಬೆಣೆಗೂ ಅಂಟು ಹಚ್ಚಿ ಕೊಡತಿಯಿಂದ ಬಡಿಯಿರಿ. ಟೊಳ್ಳಾಗಿ ಕೇಳುತ್ತಿದ್ದ ಏಟಿನ ಸದ್ದು ಗಟ್ಟಿಯಾದ ಕೂಡಲೇ ನಿಲ್ಲಿಸಬೇಕು.

ಒಂದು ದಿನ ಒಣಗಿದ ನಂತರ ಮೇಲೆ ಚಾಚಿದ ಗೂಟಗಳನ್ನು ಹಲಗೆಯ ಮಟ್ಟಕ್ಕೆ ಕತ್ತರಿಸಿ. ಸ್ಟೂಲನ್ನು ಸಮತಟ್ಟಾದ ಮೇಜಿನ ಮೇಲೆ ನಿಲ್ಲಿಸಿ, ಹಲಗೆ ಮಟ್ಟವಾಗುವವರೆಗೆ ಕಾಲುಗಳಡಿ ತೆಳು ಚೂರುಗಳನ್ನು ಕೊಟ್ಟು, ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ಪ್ರತಿ ಕಾಲಿನ ಸುತ್ತಲೂ ಗೆರೆ ಹಾಕಿ ಆ ಗೆರೆಗೆ ಕೊಯ್ದರೆ, ವಾಲಿದ ಕಾಲಿನ ತಳವೂ ನೆಲಕ್ಕೆ ಪೂರ್ತಿ ಅಂಟಿ ಕೂರುತ್ತದೆ. ಅರಗು ಬಿಸಿಗೆ ಮೆತ್ತಗಾಗುವುದರಿಂದ ಬಿಸಿ ಪಾತ್ರೆ ಇಡುವ ಸಾಧ್ಯತೆಯಿರುವ ಹಲಗೆಗೆ ಅದು ಬೇಡ, ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಉಜ್ಜಿ. ಎಣ್ಣೆ ಹೀರಿದ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಬಿಡಿಸಿ ಹರಡಿ, ಪೂರ್ತಿ ಒಣಗಿ ಗಡುಸಾದ ಮೇಲಷ್ಟೇ ಕಸಕ್ಕೆ ಹಾಕಿ.