ಸೋಲಾರ್ ಪ್ಯಾನೆಲ್‌ಗೆ ಆಂಟಿಫ್ರೀಜ್ ತುಂಬಿಸಿದ್ದು

ಚಿಕ್ಕಬಳ್ಳಾಪುರದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಎಲ್ಲಿದೆ? ಆದರೂ ನಮ್ಮ ತಾರಸಿ ಮೇಲಿನ ಸೋಲಾರ್ ವಾಟರ್ ಹೀಟರ್‌ನಲ್ಲಿ ಆಂಟಿಫ್ರೀಜ್, ಅಂದರೆ ನೀರು ಹೆಪ್ಪುಗಟ್ಟದಂತೆ ಬೆರೆಸುವ ಗ್ಲೈಕಾಲ್ ಎಂಬ ದ್ರವ, ಇದೆ. ಇದಕ್ಕೆಲ್ಲ ಮೂಲ ಬೋರ್ ನೀರು. ಕಾದರೆ ಸಾಕು, ಬಿಳಿ ಸುಣ್ಣ ಬಿಡುತ್ತದೆ. ಪ್ಯಾನೆಲ್ ಒಳಗಿನ ಸಣ್ಣ ತಾಮ್ರದ ಪೈಪುಗಳು ಕಟ್ಟಿಕೊಳ್ಳುತ್ತವೆ. ಅದಕ್ಕೇ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಹಾಕಿಸಿದೆವು. ಪ್ಯಾನೆಲ್‌ನಲ್ಲಿ ಸುತ್ತುವ ನೀರು ಬೇರೆ, ಸ್ನಾನದ ನೀರು ಬೇರೆ. ಬಿಸಿ ಮಾತ್ರ ದಾಟುತ್ತದೆ. ಪ್ಯಾನೆಲ್ ಕಡೆಯ ನೀರಿಗೆ, ಒಳಗೆ ತುಕ್ಕು ಹಿಡಿಯದಿರಲೆಂದು, ತುಕ್ಕು ತಡೆಯುವ ರಾಸಾಯನಿಕ ಇರುವ ಆಂಟಿಫ್ರೀಜ್ ಬೆರೆಸಬೇಕು.

ಪ್ಯಾನೆಲ್ ಕಡೆಯ ನೀರಿಗೆ ಮೇಲೊಂದು ಪುಟ್ಟ ಟ್ಯಾಂಕ್ ಇದೆ. ಬೇಸಿಗೆ ಮುಗಿಯುವಷ್ಟರಲ್ಲಿ ಅದರ ಮಟ್ಟ ಇಳಿದಿರುತ್ತದೆ. ಇದರಲ್ಲಿ ಪಂಪ್ ಇಲ್ಲ, ಕಾದ ನೀರು ತಾನಾಗಿ ಮೇಲೇರಿ ಸುತ್ತಬೇಕು. ಮಟ್ಟ ಇಳಿದು ಗಾಳಿ ಸೇರಿತೋ, ಸುತ್ತಾಟ ನಿಂತಿತು. ಪ್ಯಾನೆಲ್ ಮುಟ್ಟಿದರೆ ಸುಡುತ್ತದೆ, ನಲ್ಲಿಯಲ್ಲಿ ಮಾತ್ರ ಉಗುರುಬೆಚ್ಚಗಿನ ನೀರು.

‘ಒಂದು ಬಕೆಟ್ ಬೋರ್ ನೀರು ಸುರಿದ್ರೆ ಆಯ್ತಲ್ಲ ಸಾರ್’ ಅಂದರು ಪ್ಲಂಬರ್. ಹಾಗೆ ಮಾಡುವುದಾದರೆ ಈ ಮಾದರಿಗೆ ಸುಮ್ನೆ ಜಾಸ್ತಿ ದುಡ್ಡು ಯಾಕೆ ಕೊಡಬೇಕಿತ್ತು?

ಬಿಸಿಲೇರುವ ಮೊದಲೇ ತಾರಸಿ ಹತ್ತಿದೆ. ಮೊದಲು ಕೆಳಗಿನ ವಾಲ್ವ್‌ನಿಂದ ಸ್ವಲ್ಪ ದ್ರವವನ್ನು ಗಾಜಿನ ಬಾಟಲಿಗೆ ಹಿಡಿದು ನೋಡಿದೆ. ಕಂದು ಬಣ್ಣ ಇರಲಿಲ್ಲ, ಹುಳಿ ವಾಸನೆಯೂ ಇಲ್ಲ. ಆಮ್ಲೀಯತೆ ತೋರಿಸುವ ಪಿಎಚ್ ಪಟ್ಟಿ ಅದ್ದಿದರೆ 8ರ ಆಸುಪಾಸು. 7ಕ್ಕಿಂತ ಕೆಳಗಿದ್ದರೆ ತುಂಬಿಸಿ ಪ್ರಯೋಜನವಿಲ್ಲ. ತುಕ್ಕು ತಡೆಯುವ ಇನ್‌ಹಿಬಿಟರ್ ಸತ್ತಿದೆ, ಗ್ಲೈಕಾಲ್ ಆಮ್ಲವಾಗಿ ಲೋಹ ತಿನ್ನುತ್ತಿದೆ ಎಂದರ್ಥ. ಆಗ ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸದು ಹಾಕಬೇಕು.

ಕಾರಿನ ಕೂಲೆಂಟ್ ಹಾಕಬೇಡಿ. ಅದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ. ಒಳಗೆಲ್ಲೋ ಸೋರಿದರೆ ನಾವು ಬಳಸುವ ನೀರಿಗೇ ಬರುತ್ತದೆ. ಬೇಕಿರುವುದು ಪ್ರೊಪಿಲೀನ್ ಗ್ಲೈಕಾಲ್. ಅದರಲ್ಲೂ ಇನ್‌ಹಿಬಿಟರ್ ಸೇರಿಸಿದ್ದೇ ಆಗಬೇಕು, ಕೆಮಿಕಲ್ ಅಂಗಡಿಯ ಬರೀ ಗ್ಲೈಕಾಲ್‌ನಲ್ಲಿ ಅದಿರಲ್ಲ. 3 ಪಾಲು ಗ್ಲೈಕಾಲ್‌ಗೆ 7 ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ನೀರೇ. ಚಳಿ ಇಲ್ಲ ಅಂತ ಗ್ಲೈಕಾಲ್ ತೀರಾ ಕಡಿಮೆ ಮಾಡಿದರೆ ಇನ್‌ಹಿಬಿಟರ್ ಸಾಲದು, ಬ್ಯಾಕ್ಟೀರಿಯಾ ಬೆಳೆದು ಲೋಳೆ ಕಟ್ಟುತ್ತದೆ. ಜಾಸ್ತಿಯಾದರೆ ದ್ರವ ಮಂದವಾಗಿ, ಬಿಸಿ ಹೊರುವುದು ಕಡಿಮೆಯಾಗುತ್ತದೆ.

ಮೇಲಿಂದ ದಬದಬ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಳಗಿನ ವಾಲ್ವ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಆಲಿಕೆಯನ್ನು ಪುಟ್ಟ ಟ್ಯಾಂಕ್‌ಗಿಂತ ಎತ್ತರಕ್ಕೆ ಹಿಡಿದು ನಿಧಾನಕ್ಕೆ ಬಿಟ್ಟೆ. ಮೇಲೆ ಗುಳುಗುಳು ಅಂತ ಗುಳ್ಳೆಗಳು ಬಂದವು. ಅವು ನಿಂತು ಮಟ್ಟದ ಗೆರೆ ಮುಟ್ಟಿದ ಮೇಲೆ ವಾಲ್ವ್ ಮುಚ್ಚಿದೆ. ಕಾದಾಗ ಹಿಗ್ಗಲು ಜಾಗ ಬೇಕಲ್ವಾ, ಅಂಚಿನವರೆಗೆ ತುಂಬಲಿಲ್ಲ.

ಆಮೇಲೂ ಆಗಾಗ ಮಟ್ಟ ನೋಡುತ್ತಿರಬೇಕು. ಬೇಗ ಇಳಿದರೆ ಜಾಯಿಂಟ್‌ಗಳಲ್ಲಿ ಸೋರಿಕೆ ಹುಡುಕಿ. ಬೆಳಗಿನ ತಣ್ಣಗಿನ ಹೊತ್ತಲ್ಲೂ ತಾನಾಗಿ ಏರುತ್ತಿದ್ದರೆ ಒಳಗಿನ ಗೋಡೆ ತೂತಾಗಿದೆ, ಓವರ್‌ಹೆಡ್ ಟ್ಯಾಂಕಿನ ನೀರು ಒತ್ತಡಕ್ಕೆ ಈ ಕಡೆ ನುಗ್ಗುತ್ತಿದೆ. ಆಗ ಆ ಬಿಸಿನೀರನ್ನು ಅಡುಗೆಗೆ ಬಳಸದೆ, ಮೆಕ್ಯಾನಿಕ್‌ನ ಕರೆಸಿ.