ಅಜ್ಜಿಯ ಚೀಲದಲ್ಲಿದ್ದ ಮೂರು ಹಲ್ಲು ಸೆಟ್ಟು

ಜಗಳೂರು ಕಡೆಯ ಅಜ್ಜಿಯೊಬ್ಬರು ದಾವಣಗೆರೆಯ ನಮ್ಮ ಕ್ಲಿನಿಕ್ಕಿಗೆ ಬಂದರು. ಕುರ್ಚಿಯಲ್ಲಿ ಕೂತವರೇ ಮಗನ ಕೈಲಿದ್ದ ಬಟ್ಟೆ ಚೀಲ ಇಸ್ಕೊಂಡು ಬಿಚ್ಚಿದರು. ಒಳಗೆ ಮೂರು ಹಲ್ಲು ಸೆಟ್ಟು. ಮೂರು ಕಡೆ ಮಾಡಿಸಿದ್ದು. "ಒಂದೂ ಬಾಯಿಗೆ ಕೂರಲಿಲ್ಲಪ್ಪ. ನೀನಾದ್ರೂ ಅಳತೆ ಸರಿಯಾಗಿ ತಗೋ" ಅಂದರು.

ಆ ದಿನ ನಾನು ಅಳತೆ ತಗೊಳ್ಳಲಿಲ್ಲ. ಹಿಂದೊಮ್ಮೆ ಪ್ರಾಕ್ಟೀಸಿನ ಹೊಸತರಲ್ಲಿ, ಹಳೆ ಸೆಟ್ಟು ತೆಗೆಸಿದ ತಕ್ಷಣ ಒಬ್ಬ ಯಜಮಾನರ ಅಳತೆ ತಗೊಂಡಿದ್ದೆ. ಒತ್ತಿ ಒತ್ತಿ ಅವರ ಒಸಡು ಊದಿತ್ತು. ಊದಿದ ಒಸಡಿನ ಅಳತೆಗೆ ಮಾಡಿದ ಸೆಟ್ಟು, ಊತ ಇಳಿದ ಮೇಲೆ ಸಡಿಲವಾಯಿತು. ಮತ್ತೆ ಮೊದಲಿಂದ ಮಾಡಿಕೊಟ್ಟೆ. ಅಂದಿನಿಂದ ಅಳತೆಗೆ ಮುಂಚೆ ಕನಿಷ್ಠ 24 ಗಂಟೆ ಹಳೆ ಸೆಟ್ಟು ತೆಗೆದಿಡಿಸುತ್ತೇನೆ. ಒಸಡು ಕೆಂಪಾಗಿದ್ದರೆ ಇನ್ನೂ ಜಾಸ್ತಿ ದಿನ.

ಅಜ್ಜಿಯ ಬಾಯಿ ನೋಡುವ ಮೊದಲು ಮಾತಾಡಿಸಿದೆ. ಊಟದ ಹೊತ್ತಿಗೆ ಸೆಟ್ಟು ತೆಗೆದಿಟ್ಟು, ರೊಟ್ಟಿಯನ್ನು ಸಾರಲ್ಲಿ ನೆನೆಸಿ ತಿನ್ನುತ್ತಿದ್ದರು. ಉಳಿದ ಹೊತ್ತೆಲ್ಲ, ಮಲಗುವಾಗಲೂ ಮೇಲಿನ ಸೆಟ್ಟು ಬಾಯಲ್ಲೇ. ಬೊಚ್ಚು ಬಾಯಿ ಯಾರಿಗೂ ಕಾಣಬಾರದು ಅಂತ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರು, ಬಾಯಿ ಒಣಗುತ್ತಿತ್ತು. ಸಂಜೆ ಹೊತ್ತಿಗೆ ದವಡೆ ನೋಯುತ್ತದೆ ಅಂದರು. ಏನು ತಿನ್ನೋ ಆಸೆ ಅಂತ ಕೇಳಿದ್ದಕ್ಕೆ "ಮಂಡಕ್ಕಿ" ಅಂದರು.

ಹಲ್ಲಿಲ್ಲದವರ ಮನಸ್ಸನ್ನು ಹೌಸ್ ಎಂಬ ಅಮೆರಿಕದ ದಂತವೈದ್ಯರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕಾಲೇಜಲ್ಲಿ ನಾವೂ ಓದಿದ್ದೇವೆ. ಆದರೆ ಮೂರು ಸಲ ದುಡ್ಡು ಕೊಟ್ಟು ಮೂರು ಸಲ ಸೋತವರು ಸಿಡಿಮಿಡಿ ಮಾಡಿದರೆ ಅದನ್ನು ಸ್ವಭಾವ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ಆ ಮೂರು ಸೆಟ್ಟುಗಳನ್ನೇ ಕೈಗೆತ್ತಿಕೊಂಡೆ.

ಮೊದಲನೆಯದು ಹಲ್ಲು ಕೀಳಿಸಿದ ತಿಂಗಳಲ್ಲೇ ಮಾಡಿಸಿದ್ದು. ಕಿತ್ತ ಮೇಲೆ ಮೊದಲ ಕೆಲವು ತಿಂಗಳಲ್ಲೇ ಎಲುಬು ಜಾಸ್ತಿ ಕರಗುವುದು. ಸಡಿಲ ಆಗದೆ ಇನ್ನೇನು? ಎರಡನೆಯದರಲ್ಲಿ ಕೆಳದವಡೆಯ ಸೆಟ್ಟಿನ ಅಂಚು ತೀರಾ ಗಿಡ್ಡ, ಹಿಡಿತಕ್ಕೆ ಜಾಗವೇ ಇರಲಿಲ್ಲ. ಮೂರನೆಯದನ್ನು ಹಾಕಿಸಿ, ಮೂಗಿನ ತುದಿಗೆ, ಗದ್ದಕ್ಕೆ ಒಂದೊಂದು ಚುಕ್ಕೆ ಇಟ್ಟೆ. "ಅಮ್ಮ ಅನ್ನಿ" ಅಂದೆ. ಅಂದು ಮುಗಿಸಿ ತುಟಿ ಸುಮ್ನೆ ಸೇರಿ ದವಡೆ ಹಗುರಾದಾಗ ಚುಕ್ಕೆಗಳ ನಡುವಿನ ಅಂತರ ಅಳೆದೆ. ಹಲ್ಲು ಕಚ್ಚಿಸಿ ಮತ್ತೆ ಅಳೆದೆ. ಕಚ್ಚಿದಾಗ 2ರಿಂದ 4 ಮಿಲಿಮೀಟರ್ ಕಡಿಮೆ ಆಗಬೇಕು. ಇಲ್ಲಿ ಎರಡೂ ಒಂದೇ ಬಂತು. "ಸಾಸಿವೆ, ಸೊಸೆ, ಸಂತೆ ಅನ್ನಿ" ಅಂದೆ. ಪ್ರತಿ 'ಸ'ಗೂ ಹಲ್ಲು ಟಕ್ ಟಕ್ ಅಂತ ಬಡಿಯಿತು. ಹಲ್ಲು ಎತ್ತರ ಜಾಸ್ತಿ ಇತ್ತು. ಸಂಜೆಯ ದವಡೆ ನೋವಿಗೆ ಕಾರಣ ಸಿಕ್ಕಿತು.

ಆಮೇಲೆ ಬಾಯೊಳಗೆ ಬೆರಳು. ಕಣ್ಣಿಗಿಂತ ಬೆರಳನ್ನು ನಾನು ಜಾಸ್ತಿ ನಂಬುತ್ತೇನೆ. ಅಂಗುಳ ಸೆಟ್ಟಿನ ಆಕಾರಕ್ಕೇ ಕೆಂಪಾಗಿತ್ತು, ಫಂಗಸ್ ಸೋಂಕು. ಕೆಳದವಡೆಯಲ್ಲಿ ಹಲ್ಲಿದ್ದ ಜಾಗದ ಎಲುಬಿನ ದಿಣ್ಣೆ ಸವೆದು ಸಪಾಟಾಗಿತ್ತು. ಸೆಟ್ಟು ಹಾಕುವವರನ್ನು 25 ವರ್ಷ ಗಮನಿಸಿದ ಒಂದು ಅಧ್ಯಯನದಲ್ಲಿ ಮೇಲ್ದವಡೆಗಿಂತ ಕೆಳದವಡೆ ಸುಮಾರು ನಾಲ್ಕು ಪಟ್ಟು ಸವೆದಿತ್ತು. ಬಲಗಡೆ ಒಂದು ಕಡೆ ಒತ್ತಿದಾಗ ಅಜ್ಜಿ ಬೆಚ್ಚಿಬಿದ್ದರು. ಎಲುಬು ಸವೆದು, ಅಲ್ಲಿ ನರ ಹೊರಬರುವ ಎಲುಬಿನ ತೂತು ಮೇಲಕ್ಕೇ ಬಂದಿತ್ತು. ಅಲ್ಲಿ ಸೆಟ್ಟು ತಾಗಬಾರದು ಅಂತ ಚೀಟಿಯಲ್ಲಿ ಗುರುತು ಹಾಕಿದೆ. ಎಕ್ಸ್‌ರೇಯಲ್ಲಿ ಬೇರಿನ ಚೂರು ಉಳಿದಿರಲಿಲ್ಲ.

ಬಾಯಿ ಮೂರು ಬೆರಳು ಹಿಡಿಸುವಷ್ಟು ತೆರೆಯಿತು. ಬಾಯಿ ಎಷ್ಟು ತೆರೆಯುತ್ತೆ ಅಂತ ನೋಡುವುದನ್ನು ನಾನು ಯಾರಿಗೂ ತಪ್ಪಿಸುವುದಿಲ್ಲ. ನಮ್ಮದು ಅಡಿಕೆ ಸೀಮೆ, ಚನ್ನಗಿರಿ ಇಲ್ಲೇ ಪಕ್ಕ. ಅಡಿಕೆ, ಗುಟ್ಕಾ ಜಗಿದು ಕೆನ್ನೆ ಒಳಗೆ ಬಿಗಿದುಕೊಂಡವರಿಗೆ ಅಳತೆಯ ಟ್ರೇ ಕೂಡ ಒಳಗೆ ಹೋಗುವುದಿಲ್ಲ. ಬಿಳಿ, ಕೆಂಪು ಮಚ್ಚೆ ಕಂಡು ಅನುಮಾನ ಬಂದರೆ ಮೊದಲು ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ, ಹಲ್ಲಿನ ಮಾತು ಆಮೇಲೆ.

ಮಗನನ್ನೂ ಕೂರಿಸಿಕೊಂಡು ಎರಡು ದಾರಿ ಹೇಳಿದೆ. ಕೆಳದವಡೆಯ ಮುಂದುಗಡೆ ಎರಡು ಇಂಪ್ಲಾಂಟ್ (ಎಲುಬಿನೊಳಗೆ ಕೂರಿಸುವ ತಿರುಪು) ಹಾಕಿ ಅದಕ್ಕೆ ಸೆಟ್ಟು ಸಿಕ್ಕಿಸುವುದು ಒಂದು. 2002ರಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ್ದ ತಜ್ಞರು ಕೆಳಗಡೆಗೆ ಇದನ್ನೇ ಮೊದಲ ಆಯ್ಕೆ ಅಂದಿದ್ದಾರೆ. ಸಕ್ಕರೆ ಹತೋಟಿಯಲ್ಲಿರಬೇಕು, ಖರ್ಚೂ ಹೆಚ್ಚು. ಇನ್ನೊಂದು ಮಾಮೂಲಿ ಸೆಟ್ಟು. "ಮೇಲಿನದು ಹಿಡಿದುಕೊಳ್ಳುತ್ತೆ, ಕೆಳಗಿನದು ಅಷ್ಟು ಹಿಡಿಯಲ್ಲ. ನಾಲಿಗೆ, ಕೆನ್ನೆ ಅದನ್ನು ಹಿಡಿಯೋಕೆ ಕಲೀಬೇಕು, ಕೆಲವು ವಾರ ಬೇಕು" ಅಂತ ಅಜ್ಜಿಗೇ ನೇರ ಹೇಳಿದೆ. ಇದನ್ನು ಮೊದಲೇ ಹೇಳಿದರೆ ಮಾಹಿತಿ, ಸೆಟ್ಟು ಕೊಟ್ಟ ಮೇಲೆ ಹೇಳಿದರೆ ನೆಪದ ಹಾಗೆ ಕೇಳುತ್ತೆ, ಅಲ್ವಾ?

ಅವರು ಮಾಮೂಲಿ ಸೆಟ್ಟೇ ಸಾಕು ಅಂದರು. ಎರಡು ವಾರ ಫಂಗಸ್ಸಿಗೆ ಔಷಧಿ, ರಾತ್ರಿ ಸೆಟ್ಟು ನೀರಲ್ಲಿ. ಅಂಗುಳದ ಕೆಂಪು ಹೋದ ಮೇಲೆ, ಹಿಂದಿನ ದಿನದಿಂದಲೇ ಸೆಟ್ಟು ತೆಗೆಸಿಟ್ಟು ಅಳತೆ ತಗೊಂಡೆ. ಮೂರನೇ ಸೆಟ್ಟಿನ ಮುಂದಿನ ಹಲ್ಲುಗಳ ಆಕಾರ ಅಜ್ಜಿಗೆ ಇಷ್ಟವಿತ್ತು. ಅದನ್ನು ಲ್ಯಾಬಿಗೆ ನಮೂನೆಯಾಗಿ ಕಳಿಸಿದೆ. ಹೊಸ ಸೆಟ್ಟು ಕೊಟ್ಟು ಒಂದು ತಿಂಗಳಿಗೆ ಬಂದಾಗ, ರೊಟ್ಟಿಯನ್ನು ನೆನೆಸದೆ ಚೂರು ಚೂರು ಮುರಿದು ಎರಡೂ ಕಡೆ ಅಗಿಯುತ್ತೇನೆ ಅಂದರು. ಮಂಡಕ್ಕಿ ಮಾತ್ರ ಕೆಳಗಿನ ಸೆಟ್ಟಿನ ಅಡಿಗೆ ಸೇರಿಕೊಳ್ಳುತ್ತದಂತೆ. ಒಗ್ಗರಣೆ ಹಾಕಿ ಮೆತ್ತಗೆ ಮಾಡಿಸಿಕೊಂಡು ತಿನ್ನುತ್ತಿದ್ದಾರೆ.