ಕಾಲುವೆಯ ಜಾಡು ಹಿಡಿದು: ಆನೆಗೊಂದಿ, ಹಂಪೆಯಲ್ಲಿ ಎರಡು ದಿನ

ನಮ್ಮ ಹೊಲ ಇರುವುದು ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ. ಕಾಲುವೆಯ ಮೈಲು 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು ವಿಚಾರಿಸದೆ ಮುಂಗಾರು ಬೆಳೆಯ ಕಾಲದಲ್ಲಿ ನಮ್ಮೂರಿನಲ್ಲಿ ಯಾರೂ ಬೆಳಗಿನ ಚಹಾ ಮುಗಿಸುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ಭತ್ತ ಮಾರಿ ಕೈ ಬಿಡುವಾದಾಗ ಎರಡು ದಿನ ಎಲ್ಲಾದರೂ ಹೋಗಿ ಬರೋಣ ಎಂದು ಹೆಂಡತಿಗೆ ಹೇಳಿದೆ. ಆನೆಗೊಂದಿ, ಹಂಪೆಯ ಹಳೆಯ ಕಾಲುವೆಗಳನ್ನು ನೋಡಬೇಕು ಎಂದಾಗ ಅವಳು, "ವರ್ಷವಿಡೀ ನೋಡುವ ಕಾಲುವೆ ನಿಮಗೆ ಸಾಲದೇ?" ಎಂದಳು. ನಮ್ಮ ಕಾಲುವೆಗೆ ಎಪ್ಪತ್ತು ವರ್ಷ. ಅಲ್ಲಿಯವಕ್ಕೆ ಅದರ ಏಳೆಂಟು ಪಟ್ಟು ವಯಸ್ಸು, ಆದರೂ ನೀರು ಹರಿಯುತ್ತಿದೆ. ಅದು ಹೇಗೆ ಎಂಬುದನ್ನು ಕಣ್ಣಾರೆ ನೋಡುವ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಸಿಂಧನೂರು ಮಾರ್ಗವಾಗಿ ಬಸ್ಸಿನಲ್ಲಿ ಗಂಗಾವತಿಗೆ, ಅಲ್ಲಿಂದ ಆಟೊದಲ್ಲಿ ಆನೆಗೊಂದಿಗೆ. ಹಂಪೆಯಲ್ಲಿ ಉಳಿಯದೆ ಆನೆಗೊಂದಿಯಲ್ಲಿಯೇ ಒಂದು ಮನೆಯಲ್ಲಿ ಕೋಣೆ ಹಿಡಿದೆವು. ಇದು ಒಳ್ಳೆಯ ನಿರ್ಧಾರವಾಯಿತು. ಸಂಜೆಯ ನಂತರ ಊರು ಊರಾಗಿಯೇ ಇರುತ್ತದೆ: ಕಟ್ಟೆಯ ಮೇಲೆ ಹಿರಿಯರು, ಗಗನ ಮಹಲಿನ ಮುಂದೆ ಆಡುವ ಮಕ್ಕಳು, ಊಟಕ್ಕೆ ರೊಟ್ಟಿ, ಪುಂಡಿಪಲ್ಲೆ. ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬಿಸಿಲೇರುವ ಮೊದಲೇ ಹತ್ತಿ ಇಳಿದೆವು. ಮೇಲೆ ನಿಂತಾಗ ಕಾಣುವ ನೋಟಕ್ಕಾಗಿಯೇ ಹತ್ತಬೇಕು. ಬಂಡೆಗುಡ್ಡಗಳ ನಡುವೆ ಎಲ್ಲೆಲ್ಲಿ ಹಸಿರಿದೆಯೋ ಅಲ್ಲೆಲ್ಲ ಒಂದೊಂದು ಕಾಲುವೆ ಇದೆ ಎಂದು ಅಲ್ಲಿಂದ ನೋಡಿದರೆ ತಿಳಿಯುತ್ತದೆ.

ಮಧ್ಯಾಹ್ನ ಸಾಣಾಪುರದ ಕಡೆಗೆ ಹೋದೆವು. ವಿಜಯನಗರದವರು ನದಿಗೆ ಅಣೆ ಕಟ್ಟಿದ ರೀತಿಯನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಲಲಿಲ್ಲ. ಅವರು ನೇರ ಗೆರೆ ಎಳೆಯಲಿಲ್ಲ. ನದಿಯಲ್ಲಿ ಮೊದಲೇ ಇದ್ದ ಬಂಡೆ, ನಡುಗಡ್ಡೆಗಳನ್ನು ಆಧಾರವಾಗಿಟ್ಟುಕೊಂಡು ಅವುಗಳ ನಡುವಿನ ಸಂದುಗಳನ್ನಷ್ಟೇ ದೊಡ್ಡ ಕಲ್ಲುಗಳಿಂದ ಮುಚ್ಚಿದರು. ಅಣೆ ಅಂಕುಡೊಂಕಾಗಿ, ತಗ್ಗಾಗಿ ಇರುತ್ತದೆ. ಬೇಕಾದಷ್ಟು ನೀರು ದಂಡೆಯ ಕಾಲುವೆಗೆ ತಿರುಗುತ್ತದೆ, ಪ್ರವಾಹ ಬಂದರೆ ಅಣೆಯ ಮೇಲೆಯೇ ಹಾದುಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಊರಿಗೆ ಊರೇ ನಿದ್ದೆಗೆಟ್ಟು ಕುಳಿತಿತ್ತು. ಈ ಅಣೆಗಳ ಮುಂದೆ ನಿಂತಾಗ ಆ ರಾತ್ರಿ ನೆನಪಾಯಿತು. ಹಾಗೆಂದು ಹಳೆಯದೇ ಮೇಲು ಎಂದು ನಾನು ಹೇಳಲಾರೆ. ಎರಡು ಜಿಲ್ಲೆಗಳಾಚೆಗೆ ನೀರು ಕೊಡಲು ದೊಡ್ಡ ಜಲಾಶಯವೇ ಬೇಕು, ಈ ಹಳೆಯ ಕಾಲುವೆಗಳಿಗೂ ಇಂದು ಅಲ್ಲಿಂದ ಬಿಟ್ಟ ನೀರೇ ಆಧಾರ. ಆದರೆ ಬಂಡೆಯನ್ನು ಒಡೆಯದೆ ಅದನ್ನೇ ಕೆಲಸಕ್ಕೆ ಹಚ್ಚಿದ ಆ ಬುದ್ಧಿಗೆ ನಾನು ಕೈ ಮುಗಿದೆ.

ವಿರೂಪಾಪುರ ಗಡ್ಡೆಯ ಬಳಿ ನದಿಯ ಕವಲನ್ನು ದಾಟಲು ಕಟ್ಟಿದ ಕಲ್ಲಿನ ಮೇಲ್ಗಾಲುವೆ ಇದೆ, ಬುಕ್ಕನ ಹೆಸರಿನಲ್ಲಿ ಕರೆಯುತ್ತಾರೆ. ಈಗ ಅದರಲ್ಲಿ ನೀರಿಲ್ಲ. ಸಾಲುಗಂಬಗಳು ಮಾತ್ರ ನೀರಿನಲ್ಲಿ ನಿಂತಿವೆ.

ಹತ್ತಿರದ ಬಾಳೆತೋಟದಲ್ಲಿ ಒಬ್ಬ ಹಿರಿಯರು ಮಡೆ ತಿರುಗಿಸುತ್ತಿದ್ದರು. "ಯಜಮಾನರೇ, ನೀರಿಗೆ ಸರದಿ ಹೇಗೆ?" ಎಂದು ಕೇಳಿದೆ. "ಯಾವ ಕಡೆಯವರಪ್ಪ ನೀನು?" ಎಂದರು. ಮಾನ್ವಿ ಕಡೆ, ಕೊನೆಭಾಗ ಎಂದೆ. ಅವರು ಸಲಿಕೆಯನ್ನು ಬದುವಿಗೆ ಒರಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಗೊನೆಯಿಂದ ಒಂದು ಚಿಪ್ಪು ಬಾಳೆಹಣ್ಣು ಕಿತ್ತು ನನ್ನ ಹೆಂಡತಿಯ ಕೈಗೆ ಕೊಟ್ಟರು. "ತಗೋ ತಾಯಿ, ಹಾದಿಗೆ ಆಗುತ್ತದೆ" ಎಂದರು.

ಮರುದಿನ ಬೆಳಿಗ್ಗೆ ತಳವಾರಘಟ್ಟದ ಕಡೆಗೆ ನದಿ ದಾಟಿದೆವು. ಹೊಳೆ ತುಂಬಿದಾಗ ದಾಟಿಸುವುದಿಲ್ಲ. ಆಗ ಕಡೇಬಾಗಿಲು ಸೇತುವೆಯ ಮೇಲೆ ಬುಕ್ಕಸಾಗರಕ್ಕೆ ಬಂದು ಬಳಸಿಕೊಂಡು ಹೋಗಬೇಕು. ವಿಠ್ಠಲ ದೇವಸ್ಥಾನದಲ್ಲಿ ಜನಸಂದಣಿ ಇತ್ತು. ಬೇಗ ನೋಡಿ ಹೊರಟೆವು.

ಹಂಪೆಗೆ ಹೋಗುವವರಿಗೆ ನಾನು ಹೇಳುವುದು ಒಂದೇ: ಗುಡಿಗಳ ಪಟ್ಟಿ ಹಿಡಿದು ಓಡಬೇಡಿ, ನೀರಿನ ಹಿಂದೆ ನಡೆಯಿರಿ. ವಿರೂಪಾಕ್ಷ ದೇವಸ್ಥಾನದ ಅಡುಗೆಮನೆಯ ಮೂಲಕ ಕಿರಿದಾದ ನೀರಿನ ಹಾದಿ ಹೊರಪ್ರಾಕಾರಕ್ಕೆ ಬರುತ್ತದೆ. ಬಡವಿಲಿಂಗ ಸದಾ ನೀರಿನಲ್ಲಿ ನಿಂತಿದೆ. ಅದರ ಪಕ್ಕದ ಉಗ್ರನರಸಿಂಹನನ್ನು ನೋಡುವ ಗಡಿಬಿಡಿಯಲ್ಲಿ ಜನ ಕಂಬಿಯಿಂದ ಒಮ್ಮೆ ಇಣುಕಿ ಹೋಗಿಬಿಡುತ್ತಾರೆ. ರಾಜಾಂಗಣದಲ್ಲಿ ಮಹಾನವಮಿ ದಿಬ್ಬದ ಸಮೀಪ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಜೋಡಿಸಿ ನೀರು ತಂದಿದ್ದಾರೆ. ಅಲ್ಲಿಯ ಮೆಟ್ಟಿಲು ಪುಷ್ಕರಣಿ ಮಣ್ಣಿನಡಿ ಹೂತಿತ್ತು, 1980ರ ದಶಕದ ಉತ್ಖನನದಲ್ಲಿ ಹೊರಬಂದಿತು. ಅದರ ಕಪ್ಪು ಕಲ್ಲುಗಳ ಮೇಲೆ ಯಾವುದು ಎಲ್ಲಿ ಕೂರಬೇಕು ಎಂದು ಕೆಲಸಗಾರರು ಮಾಡಿದ ಗುರುತುಗಳಿವೆ. ನನ್ನ ಹೆಂಡತಿ ಅವುಗಳನ್ನು ಹುಡುಕುತ್ತಾ ಅರ್ಧ ಗಂಟೆ ಕಳೆದಳು. ಕಾಲುವೆ ಸಾಲದೇ ಎಂದು ಕೇಳಿದವಳೇ, ಭೋಜನಶಾಲೆಯಲ್ಲಿ ನೀರಿನ ಹಾದಿಯ ಎರಡೂ ಬದಿಗೆ ಕಲ್ಲಿನಲ್ಲಿ ಕೊರೆದ ತಟ್ಟೆಗಳನ್ನು ಕಂಡು, "ಉಂಡು ಅಲ್ಲಿಯೇ ತೊಳೆದುಬಿಡಬಹುದು" ಎಂದು ನನಗೇ ವಿವರಿಸಿದಳು.

ತುರ್ತಾ ಕಾಲುವೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಗುಡಿಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವಿನ ಕಣಿವೆಯಲ್ಲಿ ಅದು ಗುಡ್ಡದ ಮೈ ಬಳಸಿ ಸಾಗುತ್ತದೆ, ಪಂಪು ಇಲ್ಲ, ಬರಿಯ ಇಳಿಜಾರು. 1565ರಲ್ಲಿ ನಗರ ಹಾಳಾಯಿತು. ಅರಸರ ಮನೆಗಳ ಅಡಿಪಾಯ ಮಾತ್ರ ಉಳಿದಿದೆ. ಕಾಲುವೆಯನ್ನು ಮಾತ್ರ ರೈತರು ಬಿಡಲಿಲ್ಲ, ಹೂಳೆತ್ತಿಕೊಂಡು ಬಂದರು.

ಊರಿನಲ್ಲಿ ನೀರಿನ ಓಟ ಅಳೆಯಲು ನಾವು ಒಂದು ಎಲೆ ತೇಲಿಬಿಟ್ಟು ಅದರ ಜೊತೆಗೆ ದಂಡೆಯ ಮೇಲೆ ನಡೆಯುತ್ತೇವೆ. ಇಲ್ಲಿಯೂ ಬಾಳೆಲೆಯ ಚೂರು ಬಿಟ್ಟೆ. ನನ್ನ ನಿಧಾನ ನಡಿಗೆಗೆ ಸರಿಯಾಗಿ ಬಂತು. ಸುಮಾರು ಇನ್ನೂರು ಹೆಜ್ಜೆ ಹೋದಮೇಲೆ ಅದು ದಂಡೆಗೆ ಸರಿದು, ಒಂದು ತೂಬಿನ ಬಾಯಿಯಲ್ಲಿ ಸುತ್ತು ಹಾಕಿ, ಯಾರದೋ ಬಾಳೆತೋಟದೊಳಗೆ ಹೋಯಿತು.